ನೋಂಪಿ, ನೋಂಬು ಮತ್ತು ದುಬೈನ ಪರದೆ

2011ರ ಆಗಸ್ಟ್ ತಿಂಗಳಲ್ಲಿ ರಂಜಾನ್ ಉಪವಾಸ ನಡೆಯುತ್ತಿದ್ದಾಗ ದುಬೈನ ಧರ್ಮಾಧಿಕಾರಿಗಳ ಮುಂದೆ ಒಂದು ಅಪರೂಪದ ಪ್ರಶ್ನೆ ಬಂದಿತ್ತು. ಹಿಂದಿನ ವರ್ಷವಷ್ಟೇ ಉದ್ಘಾಟನೆಗೊಂಡಿದ್ದ, 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ ಇರುವವರು ಉಪವಾಸವನ್ನು ಬಿಡಬೇಕಾದದ್ದು ಯಾವಾಗ? ನೆಲದ ಮೇಲೆ ನಿಂತವನಿಗೆ ಸೂರ್ಯ ಮುಳುಗಿದ ಮೇಲೂ ಮೇಲಿನ ಅಂತಸ್ತಿನವನಿಗೆ ಅದೇ ಸೂರ್ಯ ಕಾಣುತ್ತಲೇ ಇರುತ್ತದೆ. ಕೊನೆಗೆ ಬಂದ ತೀರ್ಮಾನ ಹೀಗಿತ್ತು: 80ನೆಯ ಅಂತಸ್ತಿಗಿಂತ ಮೇಲಿರುವವರು ಎರಡು ನಿಮಿಷ, 150ನೆಯ ಅಂತಸ್ತಿಗಿಂತ ಮೇಲಿರುವವರು ಮೂರು ನಿಮಿಷ ಹೆಚ್ಚು ಕಾಯಬೇಕು, ಬೆಳಗಿನ ಜಾವ ಅಷ್ಟೇ ನಿಮಿಷ ಮುಂಚಿತವಾಗಿ ಉಣ್ಣುವುದನ್ನು ನಿಲ್ಲಿಸಬೇಕು.

ಪತ್ರಿಕೆಗಳು ಇದನ್ನು ಒಂದು ವಿನೋದದ ಸುದ್ದಿಯಾಗಿ ಪ್ರಕಟಿಸಿದವು. ಆದರೆ ಕೊಲ್ಲಿಯ ನಗರವೊಂದರಲ್ಲಿ ಉಪವಾಸದ ತಿಂಗಳು ಹೇಗೆ ಅನುಭವಕ್ಕೆ ಬರುತ್ತದೆ ಎಂಬುದನ್ನು ತಿಳಿಯಲು ಈ ಮೂರು ನಿಮಿಷಗಳಿಗಿಂತ ಒಳ್ಳೆಯ ಪ್ರವೇಶದ್ವಾರ ಇರಲಾರದು. ಅಲ್ಲಿ ರಂಜಾನ್ ಎಂದರೆ ಮುಖ್ಯವಾಗಿ ಹಸಿವಲ್ಲ, ಕಾಲ. ಯಾರು ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಕಾಯುವ ಬಿಡುವಾದರೂ ಇದೆ ಎಂಬ ಪ್ರಶ್ನೆ. ಎತ್ತರದಲ್ಲಿರುವವರು ಹೆಚ್ಚು ಕಾಯಬೇಕು ಎಂದು ಶಾಸ್ತ್ರ ಹೇಳಿತು. ನಗರದ ನಿತ್ಯಜೀವನದಲ್ಲಿ ಆ ಲೆಕ್ಕ ಬಹುಮಟ್ಟಿಗೆ ತಲೆಕೆಳಗಾಗಿರುವುದನ್ನು ಗಮನಿಸದೆ ಅಲ್ಲಿಯ ರಂಜಾನನ್ನು ಕುರಿತು ಬರೆದದ್ದೆಲ್ಲ ಅರ್ಧಸತ್ಯವಾಗುತ್ತದೆ.

ಕರ್ನಾಟಕದ ಮುಸ್ಲಿಮೇತರ ಓದುಗರಿಗೆ ರಂಜಾನಿನ ಪರಿಚಯವಿರುವುದು ಬಹುಪಾಲು ಸಂಜೆಯ ಮೂಲಕ. ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಗೆ ಹೋಗಿ ಹಲೀಮ್ ತಿಂದು ಬಂದವರಿಗೆ, ಭಟ್ಕಳದ ಪೇಟೆಯಲ್ಲಿ ರಾತ್ರಿ ಅಡ್ಡಾಡಿದವರಿಗೆ ಅದು ದೀಪ, ಜನಜಂಗುಳಿ ಮತ್ತು ತಿಂಡಿಯ ತಿಂಗಳು. ಅವರ ಕಚೇರಿಯ ವೇಳೆ ಬದಲಾಗುವುದಿಲ್ಲ, ಮಕ್ಕಳ ಶಾಲೆಯ ಗಂಟೆ ಬದಲಾಗುವುದಿಲ್ಲ. ದುಬೈನಲ್ಲಿ, ಅಬುಧಾಬಿಯಲ್ಲಿ, ಶಾರ್ಜಾದಲ್ಲಿ ಹಾಗಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಸಿಸುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರದೇಶದವರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಬೌದ್ಧರು, ಸಿಖ್ಖರು, ಜೈನರು ಎಲ್ಲರೂ ಇದ್ದಾರೆ. ಚಂದ್ರದರ್ಶನ ಸಮಿತಿಯ ಘೋಷಣೆ ಹೊರಬಿದ್ದ ರಾತ್ರಿಯಿಂದ ಇವರೆಲ್ಲರ ದಿನಚರಿಯೂ ಪಲ್ಲಟಗೊಳ್ಳುತ್ತದೆ. ಅಲ್ಲಿಯ ಕಾರ್ಮಿಕ ಕಾನೂನು ರಂಜಾನ್ ತಿಂಗಳಲ್ಲಿ ದಿನದ ಕೆಲಸದ ಅವಧಿಯನ್ನು ಎರಡು ಗಂಟೆ ಕಡಿತಗೊಳಿಸುತ್ತದೆ. ಉಪವಾಸ ಮಾಡುವವನಿಗೆ ಮಾತ್ರ ಈ ಸವಲತ್ತು ಎಂದು ಕಾನೂನು ಹೇಳುವುದಿಲ್ಲ; ಮಂಗಳೂರಿನ ಕ್ರೈಸ್ತ ಲೆಕ್ಕಿಗನಿಗೂ ಅದು ಸಲ್ಲುತ್ತದೆ, ಉಡುಪಿಯ ಹಿಂದೂ ಎಂಜಿನಿಯರಿಗೂ ಸಲ್ಲುತ್ತದೆ. ನಂಬಿಕೆಯಿಂದಲ್ಲ, ಕಾಲದ ಮೂಲಕ ಅವರು ಈ ತಿಂಗಳಲ್ಲಿ ಪಾಲುದಾರರಾಗುತ್ತಾರೆ. ಮಧ್ಯಾಹ್ನದ ಬೀದಿಗಳು ಮಂಕಾಗುತ್ತವೆ. ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ ರಸ್ತೆಗಳು ಉಸಿರುಕಟ್ಟುತ್ತವೆ. ಆಮೇಲೆ ಪೊಲೀಸರ ಫಿರಂಗಿಯ ಒಂದು ಸದ್ದು, ಮಸೀದಿಗಳ ಬಾಂಗು, ಇಡೀ ನಗರ ಒಮ್ಮೆಲೆ ನಿಶ್ಶಬ್ದ. ದುಬೈನಲ್ಲಿ 1960ರ ದಶಕದಿಂದ ನಡೆದುಬಂದಿರುವ ಈ ಫಿರಂಗಿಯ ಪದ್ಧತಿ, ಕೈಗೆ ಗಡಿಯಾರವಿಲ್ಲದ ಕಾಲದ್ದು. ಈಗ ಪ್ರತಿಯೊಬ್ಬನ ಫೋನೂ ನಿಮಿಷ ತಪ್ಪದೆ ಹೊತ್ತನ್ನು ತಿಳಿಸುತ್ತದೆ. ಆದರೂ ಜನ ಮಕ್ಕಳನ್ನು ಕರೆದುಕೊಂಡು ಫಿರಂಗಿಯ ಬಳಿ ಹೋಗಿ ಕಾಯುತ್ತಾರೆ.

ಈ ತಿಂಗಳಿಗೆ ಒಂದು ಋತುವೆಂಬುದಿಲ್ಲ. ಚಾಂದ್ರಮಾನದ ಹಿಜರಿ ವರ್ಷದಲ್ಲಿ ನಮ್ಮ ಪಂಚಾಂಗದ ಅಧಿಕಮಾಸದಂತಹ ಸರಿದೂಗಿಸುವ ಉಪಾಯವಿಲ್ಲವಾದ್ದರಿಂದ ರಂಜಾನ್ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2025ರಲ್ಲಿ ಅದು ಮಾರ್ಚ್ 1ರಂದು ಆರಂಭವಾಯಿತು. ದುಬೈನಲ್ಲಿ ಉಪವಾಸದ ಅವಧಿ ಹದಿಮೂರು ಗಂಟೆಯ ಆಸುಪಾಸು, ಹವೆ ಹಿತಕರ. 2016ರಲ್ಲಿ ಜೂನ್ ಮೊದಲ ವಾರದಲ್ಲಿ ಬಂದಾಗ ಅದೇ ಅವಧಿ ಹದಿನೈದು ಗಂಟೆ ದಾಟಿತ್ತು, ಬಿಸಿಲು ನಲವತ್ತು ಡಿಗ್ರಿಗಿಂತ ಮೇಲಿತ್ತು. ‘ರಮದಾನ್’ ಎಂಬ ಅರಬ್ಬೀ ಶಬ್ದದ ಧಾತುವಿನಲ್ಲಿಯೇ ಸುಡುವ ಬಿಸಿಯ ಅರ್ಥವಿದೆ. ಪಾರಸಿ-ಉರ್ದು ಉಚ್ಚಾರದ ಮೂಲಕ ಅದು ಕನ್ನಡಕ್ಕೆ ‘ರಂಜಾನ್’ ಆಗಿ ಬಂದಾಗ ಆ ಬಿಸಿ ಕೇಳುಗನ ಕಿವಿಗೆ ತಾಗುವುದಿಲ್ಲ. ಬೇಸಗೆಯಲ್ಲಿ ಕಟ್ಟಡದ ಸಾರುವೆಯ ಮೇಲೆ ನಿಂತವನಿಗೆ ವ್ಯುತ್ಪತ್ತಿಯ ಅಗತ್ಯವಿಲ್ಲ. ಬಯಲಿನಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕಡ್ಡಾಯ ವಿರಾಮ ನೀಡುವ ನಿಯಮ 2005ರಿಂದ ಜಾರಿಯಲ್ಲಿದೆ. ಅದು ರಂಜಾನಿಗಾಗಿ ಮಾಡಿದ ನಿಯಮವಲ್ಲ. ಜೀವಕ್ಕೆ ಅಪಾಯವೆನಿಸಿದರೆ ಉಪವಾಸ ಮುರಿದು ಮುಂದೆ ಇನ್ನೊಂದು ದಿನ ಪೂರೈಸಬಹುದೆಂದು ಇಸ್ಲಾಮಿನ ಧರ್ಮಶಾಸ್ತ್ರವೂ ಸಮ್ಮತಿಸುತ್ತದೆ. ರೋಗಿಗೆ, ಪ್ರಯಾಣಿಕನಿಗೆ, ಗರ್ಭಿಣಿಗೆ, ಹಾಲೂಡುವ ತಾಯಿಗೆ ವಿನಾಯಿತಿಯಿದೆ. ವಿನಾಯಿತಿ ಇದ್ದರೂ ಅದನ್ನು ಬಳಸಿಕೊಳ್ಳಲು ಮನಸ್ಸು ಒಪ್ಪದವರೇ ಹೆಚ್ಚು ಎಂಬುದು ಬೇರೆ ಮಾತು. ವ್ರತನಿಷ್ಠೆಯ ಈ ಹಟ ಎಲ್ಲ ಧರ್ಮಗಳ ಉಪವಾಸಿಗಳಲ್ಲಿಯೂ ಕಾಣಬರುವಂಥದು.

ಇನ್ನು ಪರದೆಯ ವಿಚಾರ. ಬಹಳ ವರ್ಷಗಳ ಕಾಲ ದುಬೈಗೆ ಬಂದಿಳಿದ ಹೊರಗಿನವರಿಗೆ ರಂಜಾನಿನ ಮೊದಲ ಅನುಭವವೇ ಪರದೆಯಾಗಿತ್ತು. ಹಗಲು ತೆರೆದಿರಲು ಅನುಮತಿ ಪಡೆದ ಹೋಟೆಲುಗಳು ತಮ್ಮ ಗಾಜಿನ ಗೋಡೆಗಳಿಗೆ ದಪ್ಪ ಬಟ್ಟೆಯನ್ನು ಇಳಿಬಿಡಬೇಕಿತ್ತು. ಒಳಗೆ ಕುಳಿತು ತಿನ್ನುವವರು ಹೊರಗೆ ಕಾಣಬಾರದು. 1987ರ ದಂಡಸಂಹಿತೆಯ ಪ್ರಕಾರ ರಂಜಾನ್ ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವುದು, ಕುಡಿಯುವುದು ಅಪರಾಧವಾಗಿತ್ತು. ಒಂದು ತಿಂಗಳವರೆಗಿನ ಸೆರೆವಾಸ ಅಥವಾ 2000 ದಿರ್ಹಮ್‌ವರೆಗಿನ ದಂಡ ಅದಕ್ಕೆ ವಿಧಿಸಿದ್ದ ಶಿಕ್ಷೆ. ಕಚೇರಿಯ ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೀರು ಕುಡಿಯುವುದು, ಕಾರಿನಲ್ಲಿ ತಲೆ ತಗ್ಗಿಸಿ ಬಿಸ್ಕತ್ತು ತಿನ್ನುವುದು ಅನಿವಾಸಿಗಳ ಹರಟೆಯಲ್ಲಿ ಎಂದೂ ಮುಗಿಯದ ಪ್ರಸಂಗಗಳು. 2021ರ ಏಪ್ರಿಲ್‌ನಲ್ಲಿ ದುಬೈನ ಆರ್ಥಿಕ ಅಭಿವೃದ್ಧಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಹೋಟೆಲುಗಳು ಇನ್ನು ಮುಂದೆ ಪರದೆ ಹಾಕಬೇಕಾಗಿಲ್ಲ ಎಂದಿತು.

ಈ ಬದಲಾವಣೆಯನ್ನು ಎರಡು ಬಗೆಯಲ್ಲಿ ಓದಲಾಗಿದೆ. ಪ್ರವಾಸಿಗರ ಹಣಕ್ಕಾಗಿ ಪವಿತ್ರಮಾಸದ ಮರ್ಯಾದೆಯನ್ನು ಬಿಟ್ಟುಕೊಡಲಾಯಿತು ಎಂಬ ಕೊರಗು ಒಂದು. ಕೊನೆಗೂ ಆಧುನಿಕತೆ ಬಂದಿತು ಎಂಬ ಹಿಗ್ಗು ಇನ್ನೊಂದು. ಎರಡೂ ಪರದೆಯ ಮುಂದೆಯೇ ನಿಂತು ಆಡಿದ ಮಾತುಗಳು. ಪರದೆಯ ಹಿಂದೆ, ಊಟದ ಮೇಜಿಗೂ ಆಚೆ, ಅಡುಗೆಮನೆಯೊಂದು ಇತ್ತು. ಅಲ್ಲಿ ಒಲೆಯ ಮುಂದೆ ನಿಂತಿದ್ದವರಲ್ಲಿ ಕೇರಳದ, ಕರಾವಳಿ ಕರ್ನಾಟಕದ, ಬಾಂಗ್ಲಾದೇಶದ, ಪಾಕಿಸ್ತಾನದ ಉಪವಾಸಿಗಳು ಎಷ್ಟೋ ಜನ. ಉಪ್ಪು ಹಿಡಿದಿದೆಯೇ ಎಂದು ನಾಲಿಗೆಗೆ ತಾಗಿಸಿ ನೋಡಲಾರದೆ, ಕೈಯಳತೆಯ ಮೇಲೆ ನಂಬಿಕೆಯಿಟ್ಟು ಪರರಿಗೆ ಬಡಿಸಿದವರು ಅವರು. ತಿನ್ನುವವನನ್ನು ದಾರಿಹೋಕ ಉಪವಾಸಿಯ ಕಣ್ಣಿನಿಂದ ಮರೆಮಾಡಿದ ಆ ಬಟ್ಟೆ, ಅನ್ನವನ್ನು ಅಡುಗೆಯವನ ಕಣ್ಣಿನಿಂದ ಒಂದು ದಿನವೂ ಮರೆಮಾಡಲಿಲ್ಲ. ಉಪವಾಸಿಯ ಭಾವನೆಯನ್ನು ಕಾಯುವುದಕ್ಕೆ ಪರದೆ ಬೇಕೆಂದರೆ ಅದು ಮೊದಲು ಬೇಕಾಗಿದ್ದುದು ಒಲೆಯ ಮುಂದೆ. ಹಾಗೆ ಮಾಡಲು ಸಾಧ್ಯವಿಲ್ಲ; ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಎದುರಿಗಿದ್ದೂ ಮುಟ್ಟದಿರುವುದೇ ಅವನ ವ್ರತ. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಊರುಗಳಲ್ಲೆಲ್ಲ, ಮಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ, ಉಪವಾಸ ನಡೆಯುವುದು ಹೀಗೆಯೇ: ಚಹಾದಂಗಡಿಗಳ ನಡುವೆ, ಪರದೆಯಿಲ್ಲದೆ.

ಆದ್ದರಿಂದ ಪರದೆ ಹೋದದ್ದು ಸರಿಯೇ. ಆದರೆ ಅದರೊಂದಿಗೆ ಹೋಗಬಾರದ ಒಂದು ವಸ್ತು ಇದೆ. ಕಾನೂನು ಇದ್ದಾಗಲೂ ದಂಡದ ಭಯವೊಂದರಿಂದಲೇ ಎಲ್ಲರೂ ಮರೆಯಲ್ಲಿ ಉಂಡರೆಂದು ಹೇಳಲಾಗದು. ಪಕ್ಕದ ಮೇಜಿನ ಸಹೋದ್ಯೋಗಿ ಬೆಳಗಿನಿಂದ ಹನಿ ನೀರು ಕುಡಿದಿಲ್ಲವೆಂದು ತಿಳಿದು ತನ್ನ ಬಾಟಲಿಯನ್ನು ಒಳಗೆ ಕೊಂಡುಹೋದವರು, ಅವನಿಗೆ ಜೊತೆಯಾಗಲೆಂದು ಒಂದು ದಿನ ತಾವೂ ಉಪವಾಸವಿದ್ದು ನೋಡಿದವರು ಉಂಟು. ಈ ಸೌಜನ್ಯವನ್ನು ಸುತ್ತೋಲೆ ತರಲಾರದು, ಸುತ್ತೋಲೆ ತೆಗೆಯಲೂ ಆರದು. ಕಾನೂನು ಹಿಂದೆ ಸರಿದ ಮೇಲೆ ಉಳಿಯುವ ಸಂಕೋಚವೇ ನಿಜವಾದ ಸಂಕೋಚ. ಅದು ಎಷ್ಟು ಉಳಿದಿದೆ ಎಂಬುದನ್ನು ಈಗಷ್ಟೇ ಅಳೆಯಲು ಸಾಧ್ಯ.

ಎರಡು ಗಂಟೆಗಳ ರಿಯಾಯಿತಿಯನ್ನೂ ಇದೇ ಅಡುಗೆಮನೆಯಿಂದ ನೋಡಬೇಕು. ಮನೆಗೆಲಸದವರು ಅಲ್ಲಿಯ ಸಾಮಾನ್ಯ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಪ್ರತ್ಯೇಕ ಕಾನೂನಿದೆ. ಆದ್ದರಿಂದ ಕಚೇರಿಯ ಉದ್ಯೋಗಿಗೆ ತಾನಾಗಿ ಒದಗುವ ಎರಡು ಗಂಟೆ ಅವರಿಗೆ ಒದಗುವುದಿಲ್ಲ. ಅವರ ಪಾಲಿಗೆ ರಂಜಾನ್ ಕೆಲಸ ಕಡಿಮೆಯಾಗುವ ತಿಂಗಳಲ್ಲ. ಸಂಜೆಯ ಇಫ್ತಾರಿಗೆ ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಕುಟ್ಟಿ ಹರೀಸ್ ಮಾಡಬೇಕು, ಲುಖೈಮಾತ್ ಕರಿದು ಖರ್ಜೂರದ ಪಾಕದಲ್ಲಿ ಅದ್ದಬೇಕು, ತಡರಾತ್ರಿಯವರೆಗೆ ಬರುವ ಅತಿಥಿಗಳಿಗೆ ಬಡಿಸಬೇಕು, ಮತ್ತೆ ನಸುಕಿಗೆ ಮೊದಲು ಸಹರಿಯ ಊಟಕ್ಕೆ ಏಳಬೇಕು. ಇದೇ ಹರೀಸ್ ತಯಾರಿಕೆಯ ಪರಂಪರೆ 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದಾಗ ಸಂಭ್ರಮಿಸಿದವರಲ್ಲಿ ಎಷ್ಟು ಮಂದಿ ಆ ಪಾತ್ರೆಯ ಮುಂದೆ ನಿಂತ ಫಿಲಿಪ್ಪೀನ್ಸಿನ, ಇಥಿಯೋಪಿಯಾದ, ಭಾರತದ ಹೆಂಗಸನ್ನು ನೆನೆದರೋ. ದೊಡ್ಡ ಹೋಟೆಲುಗಳ ರಂಜಾನ್ ಗುಡಾರಗಳಲ್ಲಿ ಅಳತೆ ಮೀರಿ ಬಡಿಸಿ ಅಳತೆ ಮೀರಿ ಚೆಲ್ಲುವುದನ್ನು ಅಲ್ಲಿಯ ಸರಕಾರವೂ ಧರ್ಮೋಪದೇಶಕರೂ ಪ್ರತಿವರ್ಷ ಖಂಡಿಸುತ್ತಾರೆ. ಆ ವಿಷಯವನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಸೂರ್ಯಾಸ್ತದ ಹೊತ್ತಿನಲ್ಲಿ ಇನ್ನೊಬ್ಬನನ್ನೂ ಗಮನಿಸಬೇಕು. ಇಡೀ ನಗರ ಮೇಜಿನ ಮುಂದೆ ಖರ್ಜೂರ ಹಿಡಿದು ಕಾಯುವಾಗ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಬಿಸಿ ಊಟ ತಲುಪಿಸುವವನು ರಸ್ತೆಯಲ್ಲಿರುತ್ತಾನೆ. ಎಲ್ಲರ ಇಫ್ತಾರೂ ಒಂದೇ ನಿಮಿಷಕ್ಕೆ ಆಗಬೇಕಾದ್ದರಿಂದ ಅವನ ಮೇಲಿನ ಒತ್ತಡವೂ ಆ ನಿಮಿಷಕ್ಕೇ. ಬಾಂಗು ಕೇಳಿದಾಗ ಅವನು ಸಿಗ್ನಲಿನಲ್ಲಿ ಒಂದು ಕಾಲು ನೆಲಕ್ಕೆ ಊರಿ, ಅಂಗಿಯ ಜೇಬಿನಿಂದ ಖರ್ಜೂರ ತೆಗೆದು ಬಾಯಿಗಿಟ್ಟುಕೊಳ್ಳುತ್ತಾನೆ. ಇಂಥವರಿಗಾಗಿ, ಮನೆ ಸೇರುವ ಆತುರದಲ್ಲಿ ವೇಗವಾಗಿ ಓಡಿಸುವ ಇತರರಿಗಾಗಿಯೂ, ಸಿಗ್ನಲುಗಳಲ್ಲಿ ನೀರು ಮತ್ತು ಖರ್ಜೂರದ ಪೊಟ್ಟಣ ಹಂಚುವ ಸ್ವಯಂಸೇವಕರು ಇದ್ದಾರೆ. ಒಳ್ಳೆಯ ಕೆಲಸವೇ. ಆದರೆ 150ನೆಯ ಅಂತಸ್ತಿನವನು ಕಾಯಬೇಕಾದ ಮೂರು ನಿಮಿಷವನ್ನು ಇಷ್ಟು ನಿಖರವಾಗಿ ಗುಣಿಸಿದ ನಗರಕ್ಕೆ, ಅವನಿಗೆ ಊಟ ಹೊತ್ತು ತರುವವನು ಎಷ್ಟು ನಿಮಿಷ ಕುಳಿತು ಉಣ್ಣಬಹುದು ಎಂಬ ಲೆಕ್ಕವನ್ನೂ ಹಾಕಲು ಬಂದೀತು.

ಇಷ್ಟೆಲ್ಲ ತಕರಾರಿನ ನಡುವೆಯೂ ಈ ತಿಂಗಳಿಗೆ ತನ್ನ ಮಾತನ್ನು ಉಳಿಸಿಕೊಳ್ಳುವ ಒಂದು ಸ್ಥಳವಿದೆ. ಅದು ಮಸೀದಿಯ ಹೊರಗಿನ ಅಂಗಳ. ದೇರಾದಂಥ ಹಳೆಯ ಪೇಟೆಗಳಲ್ಲಿ, ಕಾರ್ಮಿಕರ ವಸತಿಗಳಿರುವ ಹೊರವಲಯಗಳಲ್ಲಿ ಸಂಜೆಯಾಗುತ್ತಲೇ ನೆಲದ ಮೇಲೆ ಉದ್ದನೆಯ ಪ್ಲಾಸ್ಟಿಕ್ ಹಾಸು ಬಿಚ್ಚಿಕೊಳ್ಳುತ್ತದೆ. ಅದರ ಇಕ್ಕೆಲಗಳಲ್ಲಿ ನೂರಾರು ಜನ ಎದುರುಬದುರಾಗಿ ಚಕ್ಕಳಬಕ್ಕಳ ಹಾಕಿ ಕುಳಿತುಕೊಳ್ಳುತ್ತಾರೆ: ಖರ್ಜೂರ, ನೀರು, ಮಜ್ಜಿಗೆ, ಒಂದಿಷ್ಟು ಹಣ್ಣು, ಬಿರಿಯಾನಿಯ ತಟ್ಟೆ. ಯಾರ ಮತವನ್ನೂ ಯಾರೂ ಕೇಳುವುದಿಲ್ಲ. ಉಪವಾಸ ಮಾಡಿದೆಯೋ ಇಲ್ಲವೋ ಎಂದೂ ಕೇಳುವುದಿಲ್ಲ. ಸಂಬಳದ ಬಹುಪಾಲನ್ನು ಊರಿಗೆ ಕಳಿಸುವ ಕೂಲಿಕಾರನಿಗೆ ತಿಂಗಳಿಡೀ ಒಂದು ಹೊತ್ತಿನ ಊಟದ ಖರ್ಚು ಉಳಿಯುತ್ತದೆ ಎಂಬುದೂ ಈ ಸಾಲಿನಲ್ಲಿ ಕುಳಿತ ಕೆಲವರಿಗೆ ದೊಡ್ಡ ಕಾರಣ. ಅದನ್ನು ಹೇಳಿದರೆ ಭಕ್ತಿಗೆ ಕುಂದಾಗುತ್ತದೆ ಎಂದು ಭಾವಿಸುವವರು ಅನ್ನದಾನದ ಅರ್ಥವನ್ನು ತಿಳಿದವರಲ್ಲ. ಜಬಲ್ ಅಲಿಯಲ್ಲಿ 2012ರಲ್ಲಿ ತೆರೆದ ಗುರುನಾನಕ್ ದರ್ಬಾರ್ ಗುರುದ್ವಾರವೂ ರಂಜಾನಿನಲ್ಲಿ ಇಫ್ತಾರ್ ಏರ್ಪಡಿಸುತ್ತ ಬಂದಿದೆ. ಲಂಗರಿನ ಪಂಕ್ತಿಗೂ ಇಫ್ತಾರಿನ ಪಂಕ್ತಿಗೂ ಕುಳಿತವರ ಮಟ್ಟಿಗೆ ವ್ಯತ್ಯಾಸವೇನೂ ಇಲ್ಲ.

ದೇರಾದ ಈ ಪಂಕ್ತಿಗಳಲ್ಲಿ ತಮಿಳು ಮುಸ್ಲಿಮರು ಹಂಚುವ ಗಂಜಿಯೊಂದಿದೆ. ಅಕ್ಕಿ, ಬೇಳೆ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ ಹಾಕಿ ತೆಳ್ಳಗೆ ಬೇಯಿಸಿದ ಅದನ್ನು ಅವರು ನೋನ್ಬು ಕಂಜಿ ಎನ್ನುತ್ತಾರೆ. ಮಲಯಾಳಿ ಮುಸ್ಲಿಮರಿಗೂ ದಕ್ಷಿಣ ಕನ್ನಡದ ಬ್ಯಾರಿಗಳಿಗೂ ಉಪವಾಸವೆಂದರೆ ನೋಂಬು. ಕನ್ನಡದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಳಗನ್ನಡದ ‘ನೋನ್’ ಧಾತು, ಅದರ ‘ನೋಂತು’ ಎಂಬ ರೂಪ, ಅದರಿಂದಾದ ‘ನೋಂಪಿ’ ಎಂಬ ನಾಮಪದ ಇವೆಲ್ಲ ಇದೇ ಮೂಲದವು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೆಯ ಶತಮಾನದ ಶಾಸನಗಳಲ್ಲಿ, ವ್ರತ ಹಿಡಿದು ದೇಹ ಬಿಟ್ಟ ಮುನಿಗಳ ಸಂದರ್ಭದಲ್ಲಿ ಆ ಕ್ರಿಯಾರೂಪ ಬರುತ್ತದೆ. ಜೈನ ಮನೆಗಳಲ್ಲಿ ಹೆಂಗಸರು ಓದಿಸಿ ಕೇಳುತ್ತಿದ್ದ ನೋಂಪಿಯ ಕಥೆಗಳ ಓಲೆಗರಿಗಳು ಹಸ್ತಪ್ರತಿ ಭಂಡಾರಗಳಲ್ಲಿ ಇಂದಿಗೂ ಸಿಗುತ್ತವೆ. ಕನ್ನಡದ ಆಡುಮಾತು ಈ ಧಾತುವನ್ನು ಬಹುಮಟ್ಟಿಗೆ ಮರೆತಿದೆ. ಸಂಸ್ಕೃತದ ‘ಉಪವಾಸ’ ಅದರ ಸ್ಥಾನಕ್ಕೆ ಬಂದು, ಹತ್ತಿರ ವಾಸಿಸುವುದು ಎಂಬ ಅರ್ಥವನ್ನು ತಂದಿತು. ಅರಬ್ಬಿಯ ‘ಸೌಮ್’ ಎಂದರೆ ತಡೆದುಕೊಳ್ಳುವುದು. ಪಾರಸಿಯ ‘ರೋಜಾ’ದಲ್ಲಿ ಇರುವುದು ‘ರೋಜ್’, ಅಂದರೆ ದಿನ. ದ್ರಾವಿಡ ಧಾತುವಿನ ಅರ್ಥವೋ ತಾಳಿಕೊಳ್ಳುವುದು, ಸೈರಿಸುವುದು. ತಮಿಳಿನ ‘ನೋಲ್’ನಲ್ಲಿ ಅದು ಇನ್ನೂ ಸ್ಪಷ್ಟ. ಬೆಳಗೊಳದ ಬಂಡೆಯ ಮೇಲಿನ ಶಬ್ದದ ಬಳಗವೊಂದು ಕಡಲು ದಾಟಿ, ದುಬೈನ ಮಸೀದಿಯ ಅಂಗಳದಲ್ಲಿ, ಗಂಜಿಯ ಲೋಟದ ಮೇಲೆ ದಿನವೂ ಆಡಲ್ಪಡುತ್ತಿದೆ. ಕೊಲ್ಲಿಯ ಅನುಭವಗಳನ್ನು ಬರೆಯುವ ಕನ್ನಡದ ಪ್ರವಾಸಕಥನಗಳು ಗೋಪುರ ಮತ್ತು ಚಿನ್ನದ ಪೇಟೆಗೆ ಕೊಟ್ಟಷ್ಟು ಪುಟಗಳನ್ನು ಇಂಥ ಶಬ್ದಗಳಿಗೆ ಕೊಟ್ಟಿದ್ದರೆ ಭಾಷಾಧ್ಯಯನಕ್ಕೂ ಲಾಭವಾಗುತ್ತಿತ್ತು.

ತಾಳಿಕೊಳ್ಳುವುದು ಎಂಬ ಅರ್ಥ ಕರಾವಳಿಯ ಅನಿವಾಸಿಗೆ ಮತ್ತೊಂದು ರೀತಿಯಲ್ಲಿಯೂ ಒಪ್ಪುತ್ತದೆ. ದುಬೈನ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನ ಮನೆಯಲ್ಲಿ ಸೂರ್ಯ ಮುಳುಗಿ ಎಲ್ಲರೂ ಉಪವಾಸ ಬಿಡುವಾಗ ದುಬೈನಲ್ಲಿರುವ ಮಗನಿಗೆ ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತು ಬಾಕಿ ಇರುತ್ತದೆ. ವಿಡಿಯೋ ಕರೆಯಲ್ಲಿ ತಾಯಿ ಲೋಟವೆತ್ತಲು ಹಿಂಜರಿಯುತ್ತಾಳೆ, ‘ನೀವು ಕುಡಿಯಿರಿ ಉಮ್ಮಾ’ ಎಂದು ಅವನು ಒತ್ತಾಯಿಸಬೇಕು. ಅವಳ ಹಿಂಜರಿಕೆಗೆ ಯಾವ ದೇಶದ ದಂಡಸಂಹಿತೆಯೂ ಕಾರಣವಲ್ಲ.

ಚಂದ್ರನ ಲೆಕ್ಕವೂ ಎರಡು ತೀರಗಳಲ್ಲಿ ಸಾಮಾನ್ಯವಾಗಿ ಒಂದು ದಿನ ವ್ಯತ್ಯಾಸವಾಗುತ್ತದೆ. ಕರ್ನಾಟಕದೊಳಗೇ ಕರಾವಳಿಯವರು ಕೇರಳದೊಂದಿಗೆ ಒಂದು ದಿನ, ಘಟ್ಟದ ಮೇಲಿನವರು ಇನ್ನೊಂದು ದಿನ ಹಬ್ಬ ಮಾಡುವುದು ಹೊಸದೇನಲ್ಲ. ದುಬೈನಲ್ಲಿ ಮೂವತ್ತು ಉಪವಾಸ ಮುಗಿಸಿ, ಮರುದಿನ ಈದ್ ಎಂದು ನಗರವೆಲ್ಲ ದೀಪ ಹಚ್ಚಿದ ರಾತ್ರಿ ರಜೆಯ ಮೇಲೆ ವಿಮಾನ ಹತ್ತಿದವನು ನಸುಕಿನಲ್ಲಿ ಮಂಗಳೂರಿನಲ್ಲಿ ಇಳಿದರೆ ಅಲ್ಲಿ ಇನ್ನೂ ರಂಜಾನ್ ಮುಗಿದಿರುವುದಿಲ್ಲ. ಯಾವ ಊರಿನಲ್ಲಿರುವೆಯೋ ಆ ಊರಿನವರೊಂದಿಗೆ ಉಪವಾಸ, ಆ ಊರಿನವರೊಂದಿಗೆ ಹಬ್ಬ ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ಮಾತು. ತಿಂಗಳಿಗೆ ಮೂವತ್ತೇ ದಿನಗಳಿದ್ದರೂ ಅವನು ಮೂವತ್ತೊಂದನೆಯ ಉಪವಾಸ ಹಿಡಿದು, ಸೂಟ್‌ಕೇಸಿನಲ್ಲಿ ತಂದ ಖರ್ಜೂರದ ಪೆಟ್ಟಿಗೆಯನ್ನು ತೆರೆಯದೆ ತಾಯಿಯ ಕೈಗೆ ಕೊಟ್ಟು, ಸಂಜೆಯವರೆಗೆ ಅವಳ ಜೊತೆಯಲ್ಲಿ ಕಾಯುತ್ತಾನೆ.